ಆರ್ಮ್ ಅಂದ್ರೆ ಆಟಿಕೆನಾ?

‘ಆರ್ಮ್ ಪ್ರೊಸೆಸರ್ ಮೇಲೆ ವರ್ಚುವಲ್ ಮಷೀನಾ? ಅದೆಲ್ಲ ಆಟಿಕೆ ಕಣಪ್ಪಾ’ ಅಂತ ಆಫೀಸಿನ ಹಿರಿಯರೊಬ್ಬರು ನಕ್ಕರು. ನಗಲಿ. ಆರ್ಮ್‌ಗೆ ಕೆವಿಎಂ ಬೆಂಬಲ ಲಿನಕ್ಸ್ ಕರ್ನಲ್ ಸೇರಿದ್ದು 2013ರಲ್ಲಿ. 2020ರಲ್ಲಿ ವಿಎಂವೇರ್ ಕೂಡ ರಾಸ್ಪ್‌ಬೆರಿ ಪೈ ಮೇಲೆ ಓಡುವ ಇಎಸ್‌ಎಕ್ಸ್‌ಐಯನ್ನು ಪ್ರಯೋಗಕ್ಕೆಂದು ಬಿಟ್ಟಿತು. ನನ್ನ ಬಾಡಿಗೆ ಮನೆಯ ಪೈ ಮೇಲೆ ಮೂರು ಡೆಬಿಯನ್ ವಿಎಂಗಳು ಆರಾಮಾಗಿ ಓಡ್ತಿವೆ.

ಹಾಗಂತ ಎಕ್ಸ್86 ಇಮೇಜ್ ತಂದು ಅದರ ತಲೆಗೆ ಕಟ್ಟಬೇಡಿ. ಆಗ ಕೆವಿಎಂ ಕೆಲಸಕ್ಕೆ ಬರಲ್ಲ. ಕ್ಯೂಎಮು ಒಂದೊಂದೇ ಇನ್‌ಸ್ಟ್ರಕ್ಷನ್ ಅನುವಾದ ಮಾಡ್ತಾ ಕೂರುತ್ತೆ, ಬೂಟ್ ಆಗೋಷ್ಟರಲ್ಲಿ ನೀವು ಕಾಫಿ ಕುಡಿದು ಬರಬಹುದು. ಅದನ್ನು ನೋಡಿ ‘ಆರ್ಮ್ ನಿಧಾನ’ ಅನ್ನೋದು ಯಾವ ನ್ಯಾಯ?

ನನ್ನ ಸಿಟ್ಟೆಲ್ಲ ಕರ್ನಲ್ ತಯಾರಿದ್ದರೂ ಎಕ್ಸ್86ಗೆ ಮಾತ್ರ ಪ್ಯಾಕೇಜ್ ಕೊಡುವ ಕಂಪನಿಗಳ ಮೇಲೆ. ಪಾಪ, ಯಾರೋ ಹುಡುಗರು ನಿದ್ದೆಗೆಟ್ಟು ಪೋರ್ಟ್ ಮಾಡ್ತಾರೆ. ಮುಂದಿನ ಅಪ್‌ಡೇಟ್ ಬಂದ್ರೆ ಮತ್ತೆ ಮೊದಲಿಂದ.