ಪ್ರೇಕ್ಷಕ ಯಾರ ಸಾಲಗಾರನೂ ಅಲ್ಲ

ಮೊನ್ನೆ ಬೆಂಗಳೂರಿನಿಂದ ಒಂದು ಫೋನ್ ಬಂತು. ಚಿತ್ರತಂಡವೊಂದರ ಹುಡುಗ. "ಸರ್, ಶುಕ್ರವಾರ ನಮ್ಮ ಸಿನಿಮಾ ರಿಲೀಸ್. ಪೂರ್ತಿ ನಿಮ್ಮ ಮಲೆನಾಡಲ್ಲೇ ಶೂಟ್ ಮಾಡಿದೀವಿ. ನಿಮ್ಮ ಕಡೆಯವರು ನೋಡಲೇಬೇಕು ಅಂತ ಒಂದು ಸುದ್ದಿ ಹಾಕ್ಸಿ ಸರ್" ಎಂದ. ಎಲ್ಲಿ ಹಾಕಿದ್ದೀರಿ ಎಂದು ಕೇಳಿದೆ. "ಶಿವಮೊಗ್ಗದಲ್ಲಿ ಒಂದು ಶೋ ಸಿಕ್ಕಿದೆ ಸರ್, ಬೆಳಿಗ್ಗೆ ಹತ್ತೂವರೆಗೆ."

ನಾನು ಆಗ ಕೂತಿದ್ದದ್ದು ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯಲ್ಲಿ. ಹತ್ತೂವರೆಯ ಆಟಕ್ಕೆ ಶಿವಮೊಗ್ಗ ಮುಟ್ಟಬೇಕೆಂದರೆ ಬೆಳಕು ಹರಿಯುವ ಮೊದಲೇ ಮನೆ ಬಿಡಬೇಕು. 2020ರಲ್ಲಿ ಸಹಕಾರ ಸಾರಿಗೆ ಬಸ್ಸುಗಳು ನಿಂತ ಮೇಲೆ ನಮ್ಮ ಕಡೆ ಪೇಟೆಗೆ ಹೋಗಿಬರುವುದೇ ಒಂದು ಲೆಕ್ಕಾಚಾರ. ಕೊನೆ ಕೊಯ್ಲಿನ ದಿನಗಳಲ್ಲಂತೂ ಆಳು ಸಿಕ್ಕಿದರೆ ಸಾಕು ಎನ್ನುವವರಿಗೆ ಒಂದಿಡೀ ದಿನ ಸಿನಿಮಾಕ್ಕೆ ಎತ್ತಿಡಿ ಎಂದು ಹೇಳುವುದು ಹೇಗೆ? ಆ ಹುಡುಗನಿಗೆ ಇದನ್ನೆಲ್ಲ ಹೇಳಲಿಲ್ಲ. ಆದರೆ "ನೋಡಲೇಬೇಕು" ಎಂಬ ಮಾತು ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಈ ಮಾತು ಈಗ ಎಲ್ಲ ಕಡೆ ಕೇಳುತ್ತದೆ. ಕನ್ನಡ ಸಿನಿಮಾ ಉಳಿಸಿ, ಥಿಯೇಟರಿಗೆ ಬನ್ನಿ, ಕನ್ನಡಿಗರೇ ಕೈಬಿಟ್ಟರೆ ಹೇಗೆ? ಕೆಲವರು ಫೇಸ್‌ಬುಕ್ಕಿನಲ್ಲಿ ಅಳುತ್ತಾರೆ, ಕೆಲವರು ಪ್ರೇಕ್ಷಕನನ್ನೇ ಬೈಯುತ್ತಾರೆ. ಸಾಲ ಮಾಡಿ, ಮೂರು ವರ್ಷ ಬೆವರು ಸುರಿಸಿದವರ ಸಂಕಟ ನನಗೆ ಅರ್ಥವಾಗದ್ದಲ್ಲ. ಆದರೂ ಕೇಳಬೇಕು: ಸಿನಿಮಾ ಮಾಡಿದ ಮಾತ್ರಕ್ಕೆ ಪ್ರೇಕ್ಷಕರು ಹಕ್ಕಿನಿಂದ ಸಿಗಬೇಕೆ?

ಇಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಇಲ್ಲಿ ಎರಡು ಹಕ್ಕುಗಳಿವೆ, ನಾವು ಅವನ್ನು ಒಂದಕ್ಕೊಂದು ಕಲಸಿಬಿಟ್ಟಿದ್ದೇವೆ. ತೋರಿಸುವ ಹಕ್ಕು ಬೇರೆ, ನೋಡಿಸಿಕೊಳ್ಳುವ ಹಕ್ಕು ಬೇರೆ.

ತೋರಿಸುವ ಹಕ್ಕಿಗೆ ನಮ್ಮ ತಾಲ್ಲೂಕಿನದ್ದೇ ಉದಾಹರಣೆ ಇದೆ. ಪಟ್ಟಾಭಿರಾಮ ರೆಡ್ಡಿಯವರ 'ಸಂಸ್ಕಾರ' ಚಿತ್ರೀಕರಣವಾದದ್ದು ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ. ಅನಂತಮೂರ್ತಿಯವರ ಕಾದಂಬರಿ, ಗಿರೀಶ್ ಕಾರ್ನಾಡ್, ಲಂಕೇಶ್, ಸ್ನೇಹಲತಾ ರೆಡ್ಡಿ ನಟನೆ. ಮದ್ರಾಸಿನ ಸೆನ್ಸಾರ್ ಮಂಡಳಿ ಮೊದಲು ಅದನ್ನು ತಡೆಯಿತು. ಚಿತ್ರತಂಡ ಸುಮ್ಮನೆ ಕೂರಲಿಲ್ಲ. 1970ರ ಸಾಲಿನ ಸ್ವರ್ಣ ಕಮಲ ಅದೇ ಚಿತ್ರಕ್ಕೆ ಬಂತು, ಕನ್ನಡಕ್ಕೆ ಅದೇ ಮೊದಲನೆಯದು. ಆ ತಡೆಯ ವಿರುದ್ಧ ನಡೆದ ಜಗಳ ನ್ಯಾಯವಾದದ್ದು. ಏನನ್ನು ನೋಡಬೇಕು, ಏನನ್ನು ನೋಡಬಾರದು ಎಂದು ನನ್ನ ಪರವಾಗಿ ಇನ್ನೊಬ್ಬರು ತೀರ್ಮಾನಿಸಬಾರದು. ಆದರೆ ತಡೆ ತೆರವಾದ ಮೇಲೆ ಒಳಗೆ ಹೋಗುವುದು, ಬಿಡುವುದು ನನಗೆ ಸೇರಿದ್ದು.

ಎರಡನೆಯ ಹಕ್ಕನ್ನು ಚಲಾಯಿಸಲು ಹೋದರೆ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. ಬೇರೆ ಭಾಷೆಯ ಸಿನಿಮಾ ಕನ್ನಡಕ್ಕೆ ಡಬ್ ಆಗಬಾರದು ಎಂಬ ಅಲಿಖಿತ ಕಟ್ಟಳೆಯನ್ನು ನಮ್ಮ ಚಿತ್ರರಂಗ ದಶಕಗಳ ಕಾಲ ಕಾಪಾಡಿಕೊಂಡು ಬಂತು. ಶುರುವಿನಲ್ಲಿ ಅದಕ್ಕೆ ಕಾರಣಗಳಿದ್ದವು. ಕನ್ನಡ ಚಿತ್ರೋದ್ಯಮ ಆಗ ಎಳೆಯದು, ಕಲಾವಿದರ ಅನ್ನದ ಪ್ರಶ್ನೆಯೂ ಇತ್ತು. ಆದರೆ ಬರಬರುತ್ತಾ ಅದರ ಅರ್ಥ ಒಂದೇ ಆಯಿತು: ಕನ್ನಡ ಬಲ್ಲವರೆಲ್ಲ ನಮ್ಮ ಪ್ರೇಕ್ಷಕರು, ಬೇರೆ ಕಡೆ ನೋಡಕೂಡದು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇದು ತಪ್ಪು ಎಂದು ಹೇಳಿ ದಂಡ ಹಾಕಿತು. ಕಟ್ಟಳೆ ಇದ್ದಷ್ಟು ಕಾಲ ಪ್ರೇಕ್ಷಕ ಕಟ್ಟುಬಿದ್ದು ಕೂತಿದ್ದನೇ? ಕೂರಲಿಲ್ಲ. ತಮಿಳು, ತೆಲುಗು, ಹಿಂದಿಯನ್ನು ಅವವೇ ಭಾಷೆಗಳಲ್ಲಿ ನೋಡಿದ, ನೋಡುತ್ತಾ ನೋಡುತ್ತಾ ಆ ಭಾಷೆಗಳನ್ನೂ ಕಲಿತ. ಇನ್ನೊಂದು ಕಡೆ, 2018ರ 'ಕೆಜಿಎಫ್', 2022ರ 'ಕಾಂತಾರ' ಬೇರೆ ಭಾಷೆಗಳಿಗೆ ಡಬ್ ಆಗಿಯೇ ದೇಶವೆಲ್ಲ ಸುತ್ತಿದವು. ಅವರನ್ನು ಯಾರೂ ಒತ್ತಾಯ ಮಾಡಿ ಕರೆದಿರಲಿಲ್ಲ.

ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿದ್ದ ತೇಜಸ್ವಿಯವರ ಕಥೆಯಿಂದ 2023ರಲ್ಲಿ 'ಡೇರ್‌ಡೆವಿಲ್ ಮುಸ್ತಾಫಾ' ಬಂತು. ಅದಕ್ಕೆ ದುಡ್ಡು ಹಾಕಿದವರು ತೇಜಸ್ವಿ ಓದುಗರು, ನೂರಕ್ಕೂ ಹೆಚ್ಚು ಮಂದಿ. ಓದುಗರ ಆ ಪ್ರೀತಿಯನ್ನು ಯಾವ ಚಿತ್ರತಂಡವೂ ಒಂದು ಶುಕ್ರವಾರದಲ್ಲಿ ಬೇಡಿ ಪಡೆದದ್ದಲ್ಲ. ತೇಜಸ್ವಿ ವರ್ಷಗಟ್ಟಲೆ ಬರೆದು ಸಂಪಾದಿಸಿದ್ದು.

ನನ್ನ ಕಸುಬಿಗೇ ಬರುತ್ತೇನೆ. ನಾನು ಸ್ಟ್ರಿಂಗರ್. ಮಳೆಯಲ್ಲಿ ನೆನೆದು ತಂದ ಸುದ್ದಿಯನ್ನು ಡೆಸ್ಕಿನವರು ನಾಲ್ಕು ಸಾಲಿಗೆ ಇಳಿಸುತ್ತಾರೆ, ಕೆಲವೊಮ್ಮೆ ಅದೂ ಇರುವುದಿಲ್ಲ. ಬಂದರೂ ಓದುಗ ಅದನ್ನು ಬಿಟ್ಟು ಅಡಿಕೆ ಧಾರಣೆ ನೋಡುತ್ತಾನೆ. ಬೇಜಾರಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಅವನು ನನಗೆ ಏನೂ ಬಾಕಿ ಇಟ್ಟುಕೊಂಡಿಲ್ಲ. ಹಳದಿ ಎಲೆ ರೋಗಕ್ಕೆ ತೋಟ ಕಳೆದುಕೊಂಡವನಿಗೆ ಧಾರಣೆಯೇ ಮೊದಲ ಸುದ್ದಿ. ಅಂಥವನ ಹತ್ತಿರ ಹೋಗಿ ಸಿನಿಮಾ ಉಳಿಸು ಎಂದರೆ, ನನ್ನ ತೋಟ ಉಳಿಸಲು ಯಾರು ಬಂದರು ಎಂದು ಕೇಳದೆ ಇರುತ್ತಾನೆಯೇ?

ಹಾಗೆಂದು ಸಿನಿಮಾ ಮಾಡುವವರು ಏನನ್ನೂ ಕೇಳಬಾರದು ಎಂದಲ್ಲ. ಅಡಿಕೆ ಬೆಳೆಗಾರ ನನ್ನ ಅಡಿಕೆಯನ್ನೇ ಕೊಳ್ಳಿ ಎನ್ನುವುದಿಲ್ಲ, ಮಂಡಿಗೆ ರಸ್ತೆ ಕೊಡಿ, ತೂಕ ಸರಿಯಾಗಿರಲಿ ಎನ್ನುತ್ತಾನೆ. ಸಣ್ಣ ಚಿತ್ರದವರೂ ಇದನ್ನೇ ಕೇಳಬೇಕು. ಬೆಳಗಿನ ಒಂದೇ ಆಟ ಕೊಟ್ಟು, ಸೋಮವಾರ ಜನ ಬರಲಿಲ್ಲವೆಂದು ಎತ್ತಿಹಾಕುವುದು ಸರಿಯಾದ ತೂಕವಲ್ಲ. ಸರ್ಕಾರ 2025ರ ಬಜೆಟ್ಟಿನಲ್ಲಿ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕುವುದಾಗಿ ಹೇಳಿತು. ಸೆಪ್ಟೆಂಬರಿನಲ್ಲಿ ನಿಯಮವೂ ಬಂತು. ಮಲ್ಟಿಪ್ಲೆಕ್ಸ್‌ನವರು ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. ಆ ಚರ್ಚೆಯೆಲ್ಲ ಥಿಯೇಟರ್ ಇರುವ ಊರಿನದ್ದು. ನಮಗೆ ಟಿಕೆಟ್ ದರಕ್ಕಿಂತ ದಾರಿಯೇ ದೂರ.

ನಮ್ಮ ಕಡೆ ಯಕ್ಷಗಾನ ಮೇಳಗಳು ಬರುತ್ತವೆ. ಮೇಳ ಊರಿಗೆ ಬರುತ್ತದೆ, ಗದ್ದೆಯಲ್ಲೋ ಶಾಲೆಯ ಬಯಲಿನಲ್ಲೋ ರಂಗಸ್ಥಳ ಏಳುತ್ತದೆ. ನಡುರಾತ್ರಿ ಅರ್ಧ ಜನ ಕಂಬಳಿ ಹೊದ್ದು ಎದ್ದುಹೋದರೆ ಭಾಗವತರು ಪದ ನಿಲ್ಲಿಸಿ ಬೈಯುವುದಿಲ್ಲ. ಉಳಿದವರಿಗೆ ಬೆಳಗಿನವರೆಗೆ ಆಡುತ್ತಾರೆ. ಹೋದವರು ಮುಂದಿನ ವರ್ಷ ಮತ್ತೆ ಬರುತ್ತಾರೆ, ಕೆಲವರು ಪೂರ್ತಿ ಕೂರುತ್ತಾರೆ.

ಮಲೆನಾಡಿನಲ್ಲಿ ಸಿನಿಮಾ ಮಾಡುವ ಗೆಳೆಯರಿಗೆ ನನ್ನದೊಂದು ಮಾತು. ನಮ್ಮ ಮಳೆ, ನಮ್ಮ ಹೆಂಚಿನ ಮನೆ, ನಮ್ಮ ಮಾತು ಎಲ್ಲವನ್ನೂ ಕ್ಯಾಮೆರಾದಲ್ಲಿ ತುಂಬಿಕೊಂಡು ಹೋಗುತ್ತೀರಿ. ಮಾಡಿ ಮುಗಿಸಿದ ಮೇಲೆ ಒಂದು ಪ್ರೊಜೆಕ್ಟರ್ ತಂದು ಇಲ್ಲಿಯ ಸಮುದಾಯ ಭವನದಲ್ಲಿ ಒಂದು ಸಂಜೆ ತೋರಿಸಿ. ಐವತ್ತು ರೂಪಾಯಿ ಟಿಕೆಟ್ ಇಡಿ, ಪುಕ್ಕಟೆ ಬೇಡ. ನೀವೇ ಹಿಂದೆ ನಿಂತು ಜನ ಎಲ್ಲಿ ನಕ್ಕರು, ಎಲ್ಲಿ ಮೊಬೈಲ್ ತೆಗೆದರು ನೋಡಿ. ಕುರ್ಚಿಗಳು ಖಾಲಿ ಉಳಿದರೆ ನಮ್ಮನ್ನು ಬೈಯಬೇಡಿ. ತುಂಬಿದರೆ ಆ ಜನ ನಿಮ್ಮವರು, ಮುಂದಿನ ಸಿನಿಮಾಕ್ಕೆ ಕೇಳಿಕೊಂಡು ಬರುತ್ತಾರೆ.

ಆ ಹುಡುಗನ ಸುದ್ದಿಯನ್ನು ಕಳಿಸಿದೆ. ಚಿತ್ರದ ಹೆಸರು, ಎಲ್ಲಿ ಚಿತ್ರೀಕರಣವಾಯಿತು, ಎಲ್ಲಿ ಎಷ್ಟು ಗಂಟೆಗೆ ಪ್ರದರ್ಶನ ಎಂದಷ್ಟೇ ಬರೆದೆ. ಮಾರನೆಯ ದಿನ ಮೂರು ಸಾಲು ಬಂತು. "ನೋಡಲೇಬೇಕು" ಎಂದು ಬರೆಯಲಿಲ್ಲ. ಅದನ್ನು ನೋಡಿ ಬಂದವರು ಹೇಳಬೇಕು.