ಸೂಟ್‌ಕೇಸಿನಲ್ಲಿ ಬರುವ ಯೋಗದ ಉಡುಪು

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಎಷ್ಟೋ ಮನೆಗಳ ಮಕ್ಕಳು ಇವತ್ತು ಅಮೆರಿಕ, ಸಿಂಗಪುರ, ದುಬೈ ಎಂದು ಹೊರದೇಶಗಳಲ್ಲಿ ನೆಲೆ ನಿಂತಿದ್ದಾರೆ. ಮಗಳ ಬಾಣಂತನಕ್ಕೆಂದು ಹೋಗಿ ಆರು ತಿಂಗಳಿದ್ದು ಬರುವ ತಾಯಂದಿರು, ಮೊಮ್ಮಗುವಿನ ಮುಖ ನೋಡಲು ಹೊರಡುವ ನಿವೃತ್ತ ಮೇಷ್ಟರು, ಕಂಪನಿ ಕೆಲಸಕ್ಕೆ ಹೋಗಿಬರುವ ಹುಡುಗರು, ಎಲ್ಲರೂ ಮರಳುವಾಗ ಏನಾದರೂ ತರಲೇಬೇಕು. ಹಿಂದೆ ಚಾಕೊಲೇಟು, ಸೆಂಟು, ಬಾದಾಮಿ ಬರುತ್ತಿದ್ದ ಸೂಟ್‌ಕೇಸಿನಲ್ಲಿ ಈಗ ಯೋಗದ ಪ್ಯಾಂಟು, ಟೀ ಶರ್ಟುಗಳೂ ಸೇರಿವೆ. ತಂಗಿಗೊಂದು, ನಾದಿನಿಗೊಂದು, ಬೆಳಗಿನ ಯೋಗದ ತರಗತಿಯ ಗೆಳತಿಗೊಂದು. ಹೀಗೆ ತರುವುದರ ಹಿಂದೆ ಇರುವುದು ಪ್ರೀತಿ. ಅದರ ಬಗ್ಗೆ ತಕರಾರಿಲ್ಲ. ಆದರೆ ಆ ಪ್ರೀತಿಯ ಜೊತೆಗೇ ಬರುವ ಒಂದು ನಂಬಿಕೆಯನ್ನು ಪ್ರಶ್ನಿಸಬೇಕಾಗಿದೆ. ಒಳ್ಳೆಯ ಯೋಗದ ಉಡುಪು ಅಲ್ಲೇ ಸಿಗುವುದು, ನಮ್ಮಲ್ಲಿ ಸಿಗದು ಎಂಬ ನಂಬಿಕೆ ಅದು. ಹೊರದೇಶದ ಅಂಗಡಿಯಿಂದ ನಾವು ತರಬೇಕಾದದ್ದು ಅರ್ಧ ಡಜನ್ ಪ್ಯಾಂಟುಗಳಿಗಿಂತ ಮೊದಲು, ಬಟ್ಟೆಯ ಚೀಟಿ ಓದಿ, ಹಾಕಿ ನೋಡಿ, ಒಪ್ಪದಿದ್ದರೆ ಬೇಡ ಎನ್ನುವ ಅಲ್ಲಿನ ಗಿರಾಕಿಯ ರೂಢಿಯನ್ನು. ಆ ರೂಢಿ ಊರಿಗೆ ಬಂದರೆ ಉಡುಪು ತಾನಾಗಿ ಬರುತ್ತದೆ.

ಯೋಗಕ್ಕೆ ಪ್ರತ್ಯೇಕ ಉಡುಪು ಬೇಕೆನ್ನುವ ಯೋಚನೆಗೆ ಬಹಳ ವಯಸ್ಸಾಗಿಲ್ಲ. ಕಡೂರಿಗೆ ದಕ್ಷಿಣದಲ್ಲಿ, ಹಾಸನದ ಹತ್ತಿರದ ಕೌಶಿಕ, ಯೋಗಗುರು ಪಟ್ಟಾಭಿ ಜೋಯಿಸರ ಹುಟ್ಟೂರು. ಅವರ ಗುರು ತಿರುಮಲೈ ಕೃಷ್ಣಮಾಚಾರ್ಯರು ಹುಟ್ಟಿದ್ದು ಅಜ್ಜಂಪುರದ ಪಕ್ಕದ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. ಕೃಷ್ಣಮಾಚಾರ್ಯರು 1934ರಲ್ಲಿ ಕನ್ನಡದಲ್ಲೇ ಹೊರತಂದ ‘ಯೋಗ ಮಕರಂದ’ದ ಚಿತ್ರಗಳಲ್ಲಿ ಆಸನ ಹಾಕಿದವರ ಮೈಮೇಲೆ ಇರುವುದು ಲಂಗೋಟಿ. ಅವರ ಇನ್ನೊಬ್ಬ ಶಿಷ್ಯ, ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು ಪುಣೆಯಲ್ಲಿ 1975ರಲ್ಲಿ ಸಂಸ್ಥೆ ಕಟ್ಟಿದರು. ಅವರ ಪದ್ಧತಿಯಲ್ಲಿ ಕಲಿಯುವವರು ತೊಡುವ, ತೊಡೆಯ ಬಳಿ ಎಲಾಸ್ಟಿಕ್ ಹಾಕಿದ ಗಿಡ್ಡ ಹತ್ತಿ ಚಡ್ಡಿಗೆ ಇವತ್ತಿಗೂ ಪುಣೆಯ ಹೆಸರೇ ಅಂಟಿಕೊಂಡಿದೆ. ಮಂಡಿ ಬಾಗಿದೆಯೋ ನೆಟ್ಟಗಿದೆಯೋ ಗುರುವಿನ ಕಣ್ಣಿಗೆ ಕಾಣಬೇಕು, ಕಾಲೆತ್ತಿದಾಗ ಬಟ್ಟೆ ಜಾರಬಾರದು. ಇಷ್ಟೇ ಅದರ ಹಿಂದಿನ ಲೆಕ್ಕ. ಪರದೇಶದಿಂದ ಕಲಿಯಲು ಬಂದವರು ಇಲ್ಲಿ ಅದನ್ನು ಕೊಂಡು ತಮ್ಮೂರಿಗೆ ಒಯ್ಯುತ್ತಿದ್ದರು. ಅಂದರೆ ಯೋಗದ ಉಡುಪು ತುಂಬಿದ ಸೂಟ್‌ಕೇಸು ಮೊದಲು ಹೊರಟದ್ದು ಈ ಕಡೆಯಿಂದ.

ಒಳ್ಳೆಯದು ಎಂದರೇನು ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ಮೊದಲನೆಯದು ನಾರು. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಶೇ 8.5ರಷ್ಟು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ನೈಲಾನ್ ಸುಮಾರು ಶೇ 4ರಷ್ಟು, ಪಾಲಿಯೆಸ್ಟರ್ ಶೇ 0.4ರಷ್ಟು ಮಾತ್ರ. ಹತ್ತಿ ಬೆವರನ್ನು ಹೀರುತ್ತದೆ, ಆದರೆ ತಡವಾಗಿ ಒಣಗುತ್ತದೆ. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಆದರೆ ಅಗ್ಗದ್ದಾದರೆ ಮೈಗೆ ಅಂಟಿ ನಾರುತ್ತದೆ. ಎರಡನೆಯದು ಹಿಗ್ಗುವ ಗುಣ. 1958ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ಜೋಸೆಫ್ ಶಿವರ್ಸ್ ಕಂಡುಹಿಡಿದ, ಲೈಕ್ರಾ ಎಂದೇ ನಾವು ಕರೆಯುವ ನೂಲು ಇದಕ್ಕೆ ಕಾರಣ. ನಮ್ಮ ಲೆಗ್ಗಿಂಗ್ಸ್‌ಗಳಲ್ಲಿ ಸಾಮಾನ್ಯವಾಗಿ 95 ಭಾಗ ಹತ್ತಿಗೆ 5 ಭಾಗ ಲೈಕ್ರಾ ಇದ್ದರೆ, ಹೊರದೇಶದ ದುಬಾರಿ ಪ್ಯಾಂಟುಗಳಲ್ಲಿ ನೈಲಾನಿನ ಜೊತೆ ಶೇ 20ರ ಆಸುಪಾಸು ಇರುತ್ತದೆ. ಮೂರನೆಯದು ತೂಕ. ಒಂದು ಚದರ ಮೀಟರ್ ಬಟ್ಟೆ 200 ಗ್ರಾಮಿಗಿಂತ ಹಗುರವಾಗಿದ್ದರೆ ಮುಂದಕ್ಕೆ ಬಾಗಿದಾಗ ಒಳಗಿನದೆಲ್ಲ ಕಾಣುವ ಅಪಾಯ ಹೆಚ್ಚು. ಕೊನೆಯದು ಹೊಲಿಗೆ. ಎರಡು ಕಾಲು ಕೂಡುವಲ್ಲಿ ವಜ್ರಾಕಾರದ ತುಂಡು ಹಚ್ಚಿದೆಯೇ, ಒಳಗಿನ ಹೊಲಿಗೆ ಚಪ್ಪಟೆಯಾಗಿದೆಯೇ, ಎಳೆದಾಗ ದಾರ ಬಟ್ಟೆಯ ಜೊತೆ ಹಿಗ್ಗುತ್ತದೆಯೇ. ಇವುಗಳಲ್ಲಿ ಒಂದನ್ನು ತಿಳಿಯಲೂ ಪ್ರಯೋಗಾಲಯ ಬೇಕಿಲ್ಲ. ಬೆಳಕಿಗೆ ಹಿಡಿದು, ಎರಡೂ ಕೈಯಿಂದ ಎಳೆದು ಬಿಟ್ಟು, ಹಾಕಿಕೊಂಡು ಒಮ್ಮೆ ಕುಕ್ಕುರುಗಾಲಲ್ಲಿ ಕೂತು ಎದ್ದರೆ ಮುಕ್ಕಾಲು ಪಾಲು ಗೊತ್ತಾಗುತ್ತದೆ. ಸಂತೆಯಲ್ಲಿ ಕಂಬಳಿ ಕೊಳ್ಳುವಾಗ ನಮ್ಮ ಹಿರಿಯರು ಹಾಸು ಹೊಕ್ಕು ನೋಡಿ, ಕೈಯಲ್ಲಿ ತೂಗಿ, ಎಳೆ ಕಿತ್ತು ಸುಟ್ಟು ವಾಸನೆ ಹಿಡಿಯುತ್ತಿದ್ದರು. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆ ವಿದ್ಯೆಯನ್ನು ನಾವು ಬ್ರಾಂಡಿನ ಗುರುತಿಗೆ ಒಪ್ಪಿಸಿ ಕೈತೊಳೆದುಕೊಂಡಿದ್ದೇವೆ.

ಬ್ರಾಂಡಿನ ಗುರುತು ಆ ಹೊಣೆಯನ್ನು ಸದಾ ಹೊರುವುದಿಲ್ಲ. ಕೆನಡಾದ ವ್ಯಾಂಕೂವರಿನಲ್ಲಿ 1998ರಲ್ಲಿ ಹುಟ್ಟಿದ ಲುಲುಲೆಮನ್ ಈ ವ್ಯಾಪಾರದ ದೊಡ್ಡ ಹೆಸರು. ಅದರ ಒಂದು ಪ್ಯಾಂಟು ನೂರು ಡಾಲರಿನ ಆಸುಪಾಸು. ಅದೇ ಕಂಪನಿ 2013ರ ಮಾರ್ಚಿನಲ್ಲಿ, ಬಟ್ಟೆ ತೀರ ಪಾರದರ್ಶಕವಾಗಿದೆ ಎಂದು ತನ್ನ ಕಪ್ಪು ಪ್ಯಾಂಟುಗಳನ್ನು ಅಂಗಡಿಗಳಿಂದ ಹಿಂದಕ್ಕೆ ತರಿಸಿಕೊಳ್ಳಬೇಕಾಯಿತು. ಅದರ ಉಡುಪುಗಳು ವ್ಯಾಂಕೂವರಿನಲ್ಲಿ ತಯಾರಾಗುವುದೂ ಇಲ್ಲ. ಬಟ್ಟೆ ಹೆಚ್ಚಾಗಿ ತೈವಾನ್, ಚೀನಾಗಳದು, ಹೊಲಿಗೆ ವಿಯೆಟ್ನಾಂ, ಕಾಂಬೋಡಿಯಾ, ಶ್ರೀಲಂಕಾ, ಬಾಂಗ್ಲಾದೇಶದಂಥ ದೇಶಗಳದು. ಅಲ್ಲಿ ಮೆಷಿನ್ನಿನ ಮುಂದೆ ಕೂತ ಹೆಣ್ಣುಮಗಳಿಗೂ ಕಡೂರು, ತರೀಕೆರೆಯನ್ನು ಹಾದುಹೋಗುವ ನಮ್ಮ ಬಿ.ಎಚ್. ರಸ್ತೆಯ ಹೆಣ್ಣುಮಗಳಿಗೂ ಕೈಚಳಕದಲ್ಲಿ ಹೆಚ್ಚುಕಡಿಮೆಯಿಲ್ಲ. ಆ ರಸ್ತೆಯಲ್ಲಿ ಒಂದು ದಿಕ್ಕಿಗೆ, ಭದ್ರಾವತಿ ದಾಟಿದರೆ ಮಾಚೇನಹಳ್ಳಿಯ ಗಾರ್ಮೆಂಟ್ಸ್. ಇನ್ನೊಂದು ದಿಕ್ಕಿಗೆ, ಬೆಂಗಳೂರು ಮುಟ್ಟುತ್ತಿದ್ದಂತೆ ಪೀಣ್ಯದ ಗಾರ್ಮೆಂಟ್ಸ್. ತರೀಕೆರೆ, ಕಡೂರಿನವರು ವಿಮಾನ ಹತ್ತಲು ಹೊರಟಾಗ ಎಷ್ಟೋ ಸಲ ಹಾದುಹೋಗುವುದೇ ಪೀಣ್ಯದ ಮೇಲೆ. 2016ರ ಏಪ್ರಿಲ್‌ನಲ್ಲಿ ಭವಿಷ್ಯ ನಿಧಿಯ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದು, ಕೇಂದ್ರ ಸರ್ಕಾರ ಅದನ್ನು ಕೈಬಿಡುವಂತೆ ಮಾಡಿದರು. ಹೊರದೇಶದ ಅಂಗಡಿಗಳಿಗೆ ಹೊಲಿಯುವ ಕೈಗಳು ನಮ್ಮಲ್ಲಿ ಎಷ್ಟಿವೆ ಎಂದು ಅವತ್ತು ನಾಡು ಕಂಡಿತು, ಮತ್ತೆ ಮರೆಯಿತು.

ಹೊರಗೆ ಕೊಂಡು ತರುವುದರಲ್ಲಿ ನಷ್ಟದ ಬಾಬತ್ತುಗಳೂ ಇವೆ. ಅಲ್ಲಿನ ಬೆಲೆಯಲ್ಲಿ, ಒಪ್ಪದಿದ್ದರೆ ಹಿಂದಿರುಗಿಸುವ ಹಕ್ಕೂ ಸೇರಿರುತ್ತದೆ. ವಿಮಾನ ಹತ್ತಿದ ಕೂಡಲೇ ಆ ಹಕ್ಕು ಹೋಯಿತು. ಅಳತೆಯ ಗೊಂದಲ ಬೇರೆ: ಅಮೆರಿಕದ 8 ಬ್ರಿಟನ್ನಿನಲ್ಲಿ 12 ಆಗುತ್ತದೆ, ಸಿಂಗಪುರದ ಮೀಡಿಯಂ ಅಮೆರಿಕದ ಮೀಡಿಯಮ್ಮಿಗಿಂತ ಚಿಕ್ಕದಿರಬಹುದು. ಅಜ್ಜಂಪುರದಲ್ಲಿರುವ ತಂಗಿಗೆ ಅಂದಾಜಿನಲ್ಲಿ ತಂದದ್ದು ಬೀರುವಿನಲ್ಲಿ ಉಳಿದರೆ ಎಂಟೊಂಬತ್ತು ಸಾವಿರ ರೂಪಾಯಿ ಅಲ್ಲೇ ಮಡಚಿಟ್ಟಂತೆ. ತೊಳೆಯುವುದಂತೂ ಯಾರೂ ಯೋಚಿಸದ ವಿಷಯ. ಆ ಪ್ಯಾಂಟಿನ ಚೀಟಿ ತಣ್ಣೀರು, ನೆರಳು ಕೇಳುತ್ತದೆ. ನಮ್ಮ ಕಡೆ ಅದಕ್ಕೆ ಸಿಗುವುದು ಬೋರ್‌ವೆಲ್ಲಿನ ಗಡಸು ನೀರು, ಒಗೆಯುವ ಕಲ್ಲು, ಮಧ್ಯಾಹ್ನದ ಬಿಸಿಲು. ಲೈಕ್ರಾ ಹೆಚ್ಚಿದ್ದಷ್ಟೂ ಬಿಸಿಗೆ, ಬ್ಲೀಚಿಗೆ, ಬಡಿತಕ್ಕೆ ಬೇಗ ಸೋಲುತ್ತದೆ. ಹತ್ತಿಯದು ಈ ಸಂಸಾರದಲ್ಲಿ ಬಾಳಿಕೆ ಬರುತ್ತದೆ.

ಇದಕ್ಕೆ ಎದುರು ಮಾತು ಇದೆ, ಅದರಲ್ಲಿ ಹುರುಳೂ ಇದೆ. ತೈವಾನಿನ ಗಿರಣಿಗಳು ಹೆಣೆಯುವ, ನಾಲ್ಕೂ ಕಡೆ ಹಿಗ್ಗಿ ಮತ್ತೆ ಮೊದಲಿನಂತಾಗುವ ನೈಲಾನ್ ಬಟ್ಟೆಗೆ ಸಾಟಿಯಾದದ್ದು ನಮ್ಮ ತಾಲ್ಲೂಕು ಅಂಗಡಿಗಳಲ್ಲಿ ಇಲ್ಲ. ದಿನಕ್ಕೆರಡು ಗಂಟೆ ಬೆವರು ಹರಿಸಿ ಕಠಿಣ ಅಭ್ಯಾಸ ಮಾಡುವವರಿಗೆ, ಯೋಗವನ್ನೇ ಕಲಿಸಿ ಬದುಕುವವರಿಗೆ ಅದರಿಂದ ಉಪಯೋಗವಿದೆ. ಅಂಥವರು ಅಲ್ಲಿಗೆ ಹೋದಾಗ ತಾವೇ ತೊಟ್ಟು ನೋಡಿ, ಒಂದೋ ಎರಡೋ ಕೊಂಡರೆ ಅದು ಒಳ್ಳೆಯ ಖರೀದಿಯೇ. ಆದರೆ ಕಲ್ಯಾಣ ಮಂಟಪದ ಜಮಖಾನೆಯ ಮೇಲೆ, ಬೆಳಗಿನ ಚಳಿಯಲ್ಲಿ, ಪವನಮುಕ್ತಾಸನ, ಭುಜಂಗಾಸನ, ಪ್ರಾಣಾಯಾಮ ಮಾಡುವ ಐವತ್ತು ದಾಟಿದವರಿಗೆ ಬೇಕಾದದ್ದು ಉಸಿರಾಟಕ್ಕೆ ಹೊಟ್ಟೆ ಬಿಗಿಯದ ಲಾಡಿ, ಬೆವರು ಹೀರುವ ಹತ್ತಿ, ಮಂಡಿಗೆ ಸಡಿಲ.

ಇನ್ನೊಂದು ಎದುರು ಮಾತು ಇದಕ್ಕಿಂತ ಗಟ್ಟಿಯಾದದ್ದು, ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಹೆಂಗಸರು ಹೊರದೇಶದಲ್ಲಿ ಕೊಳ್ಳುವುದು ಬಟ್ಟೆಗಾಗಿ ಮಾತ್ರವಲ್ಲ. ಅಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆಯಿದೆ, ಆಳೆತ್ತರದ ಕನ್ನಡಿಯಿದೆ, ದಪ್ಪ ಮೈಯವರಿಗೂ ಅಳತೆಯಿದೆ, ಐದು ತೊಟ್ಟು ನೋಡಿ ಒಂದನ್ನೂ ಕೊಳ್ಳದೆ ಹೊರಬಂದರೆ ಯಾರೂ ಮುಖ ಗಂಟು ಹಾಕುವುದಿಲ್ಲ. ಬದುಕಿಡೀ ಸೀರೆ ಉಟ್ಟ ಹೆಣ್ಣುಮಗಳಿಗೆ ಪ್ಯಾಂಟು ತೊಟ್ಟು ಊರವರೆದುರು ಬಾಗುವುದು ಸಣ್ಣ ಮಾತಲ್ಲ. ಎಷ್ಟೋ ಮಂದಿ ಚೂಡಿದಾರದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಅರ್ಧಂಬರ್ಧ ಆಸನ ಮಾಡಿ ಏಳುತ್ತಾರೆ, ಕೆಲವರು ಮುಜುಗರಕ್ಕೇ ತರಗತಿ ಬಿಡುತ್ತಾರೆ. ಆರೋಗ್ಯದ ದಾರಿಯಲ್ಲಿ ಉಡುಪು ಹೀಗೆ ಅಡ್ಡ ನಿಲ್ಲಬಾರದು. ನಮ್ಮ ಅನೇಕ ಅಂಗಡಿಗಳಲ್ಲಿ ಗಂಡಸು ಗಲ್ಲಾ ಮೇಲೆ ಕೂತು, ಹುಡುಗರು ಕೌಂಟರಿನಲ್ಲಿ ಪ್ಯಾಕೆಟ್ಟು ಬಿಚ್ಚುತ್ತ, ‘ಫ್ರೀ ಸೈಜ್, ಎಲ್ಲರಿಗೂ ಆಗುತ್ತೆ’ ಎನ್ನುತ್ತಾರೆ. ಎಲ್ಲರಿಗೂ ಆಗುವುದಿಲ್ಲ. ಈ ಕೊರತೆಯನ್ನು ಸೂಟ್‌ಕೇಸಿನಲ್ಲಿ ತಂದ ನಾಲ್ಕು ಪ್ಯಾಂಟು ನೀಗಿಸಲಾರವು, ಏಕೆಂದರೆ ಮಗಳು ಹೊರದೇಶದಲ್ಲಿಲ್ಲದ ಮನೆಯ ಹೆಂಗಸಿಗೆ ಅವು ಮುಟ್ಟುವುದೇ ಇಲ್ಲ. ಒಂದು ಪರದೆ, ಒಂದು ಕನ್ನಡಿ, ಮಾತಾಡಿಸಲು ಒಬ್ಬ ಹೆಣ್ಣುಮಗಳು, ಆರು ಅಳತೆಯ ಮಾಲು. ಇವನ್ನು ಅಂಗಡಿಯವರು ಕೊಡುವುದು ಕೇಳುವವರು ಇದ್ದಾಗ. ಕೇಳುವ ಧೈರ್ಯ ಹೆಚ್ಚಾಗಿ ಇರುವುದು ಅಲ್ಲಿನದನ್ನು ಕಂಡು ಬಂದವರಿಗೇ.

ಚೀಟಿಯ ವಿಷಯವೂ ಹಾಗೇ. ಅಮೆರಿಕದಲ್ಲಿ ಮಾರುವ ಉಡುಪಿನ ಮೇಲೆ ಯಾವ ನಾರು ಶೇಕಡ ಎಷ್ಟು, ಯಾವ ದೇಶದಲ್ಲಿ ತಯಾರಾಯಿತು ಎಂದು ಕಾನೂನಿನ ಪ್ರಕಾರ ಬರೆದಿರಬೇಕು. ಯೂರೋಪಿನ ಒಕ್ಕೂಟದಲ್ಲೂ ನಾರಿನ ವಿವರ ಕಡ್ಡಾಯ. ಅಲ್ಲಿ ಆ ಚೀಟಿಯನ್ನು ಓದಿದವರು ಇಲ್ಲಿ ಬಂದ ಮೇಲೆ ‘ಪ್ಯೂರ್ ಕಾಟನ್ ಮೇಡಂ’ ಎಂಬ ಬಾಯಿಮಾತಿಗೆ ತಲೆಯಾಡಿಸಬೇಕಾಗಿಲ್ಲ. ಹೀಗೆ ಚೀಟಿ ನೋಡಿ ಒಳ್ಳೆಯದನ್ನೇ ಕೇಳಿದರೆ ಬೆಲೆ ಹೆಚ್ಚಾಗುತ್ತದಲ್ಲ ಎಂದರೆ, ಆಗುತ್ತದೆ, ಆದರೆ ಅಷ್ಟೇನೂ ಅಲ್ಲ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಜಿಎಸ್‌ಟಿ ಶೇ 5, ಅದರ ಮೇಲಿನದಕ್ಕೆ ಶೇ 18. ತಿರುಪ್ಪೂರಿನ ಒಳ್ಳೆಯ ಹತ್ತಿ ಹೆಣಿಗೆ ಬಟ್ಟೆ ತಂದು ಊರಲ್ಲೇ ಹೊಲಿಸಿದರೂ ಆ ಮಿತಿಯ ಎಷ್ಟೋ ಒಳಗೇ ಕೆಲಸವಾಗುತ್ತದೆ.

ಆರಂಭಿಸಲು ಜೂನ್ 21ಕ್ಕಿಂತ ಒಳ್ಳೆಯ ನೆಪವಿಲ್ಲ. 2015ರಿಂದ ಪ್ರತಿ ವರ್ಷ ಯೋಗ ದಿನಕ್ಕೆಂದು ಶಾಲೆ, ಕಚೇರಿ, ಸಂಘಗಳು ಬಿಳಿ ಟೀ ಶರ್ಟು ತರಿಸುತ್ತವೆ. ಎಷ್ಟೋ ಕಡೆ ಅದು ಅತಿ ಕಡಿಮೆ ದರದ ಪಾಲಿಯೆಸ್ಟರ್, ಒಂದು ಬೆಳಗಿನ ಫೋಟೋಗೆ ಮಾತ್ರ ಆಗುವಂಥದ್ದು. ಅದೇ ಹಣಕ್ಕೆ ಸ್ವಲ್ಪ ಸೇರಿಸಿ ವರ್ಷವಿಡೀ ತೊಡುವ ಹತ್ತಿ ಉಡುಪನ್ನು ಸ್ವಸಹಾಯ ಗುಂಪುಗಳ ಸಂಜೀವಿನಿ ಒಕ್ಕೂಟದ ಹೆಣ್ಣುಮಕ್ಕಳಿಂದ, ಗಾರ್ಮೆಂಟ್ಸ್ ಕೆಲಸ ಬಿಟ್ಟು ಊರಿಗೆ ಮರಳಿ ಮನೆಯಲ್ಲಿ ಮೆಷಿನ್ ಇಟ್ಟವರಿಂದ ಹೊಲಿಸಬಹುದು. ಓವರ್‌ಲಾಕ್ ಮೆಷಿನ್ ಓಡಿಸುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು: ಜೂನ್ ಬಂತೆಂದರೆ ಊರಿನ ಟೈಲರುಗಳೆಲ್ಲ ಶಾಲೆಯ ಸಮವಸ್ತ್ರದಲ್ಲಿ ಮುಳುಗಿರುತ್ತಾರೆ. ಆರ್ಡರು ಏಪ್ರಿಲಿನಲ್ಲೇ ಕೊಡಬೇಕು. ಚದರ ಮೀಟರಿಗೆ 220 ಗ್ರಾಮಿಗೆ ಕಡಿಮೆಯಿಲ್ಲದ ಬಟ್ಟೆ, ಎಲಾಸ್ಟಿಕ್ಕಿನ ಜೊತೆ ಲಾಡಿ, ಕಾಲು ಕೂಡುವಲ್ಲಿ ವಜ್ರದ ತುಂಡು, ಆರು ಅಳತೆ ಎಂದು ಕಾಗದದಲ್ಲಿ ಬರೆದು.