ಹಳೆ ಕಾರು: ಸ್ಪ್ಯಾನರ್ ಮಾಲೀಕನ ಕೈಯಲ್ಲೂ ಇರಲಿ

ಮಾರುತಿ 800 ತಯಾರಿಕೆ 2014ರಲ್ಲೇ ನಿಂತಿತು. ಆದರೂ ಅದು ನಮ್ಮ ರಸ್ತೆಗಳಿಂದ ಪೂರ್ತಿ ಮರೆಯಾಗಿಲ್ಲ. ಇಂಥ ಅಗ್ಗದ ಹಳೆ ಕಾರಿನ ಸಣ್ಣಪುಟ್ಟ ರಿಪೇರಿಯನ್ನು ಮಾಲೀಕರೇ ಕಲಿಯುವುದು ಬರೀ ಹವ್ಯಾಸವಲ್ಲ, ಲಾಭದ ಲೆಕ್ಕ. ಕಾರಿನ ಬೆಲೆಯೇ ಕಡಿಮೆಯಿರುವಾಗ ಎರಡು ದೊಡ್ಡ ಗ್ಯಾರೇಜ್ ಬಿಲ್ಲುಗಳು ಅದನ್ನು ಗುಜರಿಗೆ ತಳ್ಳಬಲ್ಲವು. ಮಾರುತಿ 800ರ 796 ಸಿಸಿ ಇಂಜಿನ್‌ಗೆ ಇರುವುದು ಮೂರೇ ಸ್ಪಾರ್ಕ್ ಪ್ಲಗ್. ಇಂಜಿನ್ ತಣ್ಣಗಾದ ಮೇಲೆ ಒಂದನ್ನು ಬಿಚ್ಚಿ ನೋಡಿ: ತುದಿ ತಿಳಿಗಂದು ಬಣ್ಣವಿದ್ದರೆ ಸರಿ, ಒಣ ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ ಅಥವಾ ಏರ್ ಫಿಲ್ಟರ್ ಕಟ್ಟಿರಬಹುದು, ಆಯಿಲ್ ಜಿಡ್ಡಿದ್ದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಇಷ್ಟು ಗೊತ್ತಿದ್ದವರು ಮೆಕ್ಯಾನಿಕ್ ಹತ್ತಿರ ಹೋದರೂ ಬೇಕಾದ ಕೆಲಸವನ್ನಷ್ಟೇ ಮಾಡಿಸುತ್ತಾರೆ.

ಅರೆಬರೆ ಕಲಿತವರು ಪ್ರಾಣಕ್ಕೆ ಸಂಚಕಾರ ತಂದಾರು ಎಂಬ ಆಕ್ಷೇಪದಲ್ಲಿ ಹುರುಳಿದೆ. ಹಾಗಾಗಿ ಗೆರೆ ಎಳೆದುಕೊಳ್ಳಬೇಕು: ಪ್ಲಗ್, ಫಿಲ್ಟರ್, ಬ್ಯಾಟರಿ ಟರ್ಮಿನಲ್, ವೈಪರ್ ಮನೆಯಲ್ಲಿ, ಬ್ರೇಕ್, ಸ್ಟೀರಿಂಗ್ ನುರಿತವರ ಕೈಯಲ್ಲಿ. ಬರೀ ಜಾಕ್ ನಂಬಿ ಕಾರಿನಡಿ ತೂರುವುದಂತೂ ಕೂಡದು. ಹಳೆ ಕಾರು ಹೊಗೆ ಕಾರುತ್ತದೆ ಎಂಬುದು ಇನ್ನೊಂದು ದೂರು. ಹೊಸ ಕಾರಿನಷ್ಟು ಅದು ಶುದ್ಧವಲ್ಲ, ನಿಜ. ಆದರೆ ಆರೈಕೆಯಿಲ್ಲದ ಕಾರು ಗಾಳಿಯನ್ನು ಇನ್ನಷ್ಟು ಕೆಡಿಸುತ್ತದೆ, ಹೊಸದನ್ನು ತಯಾರಿಸಲೂ ಉಕ್ಕು, ವಿದ್ಯುತ್ತು ಬೇಕು. ಖಾಸಗಿ ಕಾರಿಗೆ 15 ವರ್ಷ ತುಂಬಿದಾಗ ನೋಂದಣಿ ನವೀಕರಣಕ್ಕೆ ಫಿಟ್‌ನೆಸ್ ತಪಾಸಣೆ ಇದ್ದೇ ಇದೆ. ರಿಪೇರಿಯಾದ ಮೇಲೂ ಅದರಲ್ಲಿ ಸೋತರೆ ಗುಜರಿಗೆ ಕಳಿಸೋಣ. ಗೆದ್ದ ಕಾರನ್ನು ವಯಸ್ಸಿನ ನೆಪದಲ್ಲಿ ಬಿಸಾಡುವುದು ದುಂದುಗಾರಿಕೆ.